ಕಾಲುವೆಯ ನೀರೂ ಮನುಷ್ಯನ ಮನಸ್ಸೂ

ನಮ್ಮ ಸೀಮೆಗೆ ಕೃಷ್ಣಾ ನದಿಯ ನೀರು ಕಾಲುವೆಯ ಮೂಲಕ ಹರಿದುಬರಲಾರಂಭಿಸಿ ನಾಲ್ವತ್ತು ವರ್ಷಗಳಾದುವು. ಈ ಸ್ಮರಣ ಸಂಚಿಕೆಯನ್ನು ಓದುವ ಪಾಲಕರಲ್ಲಿ ಅನೇಕರು ಆ ನೀರಿನಿಂದಲೇ ಬೇಸಾಯ ಮಾಡುವವರು. ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಅನೇಕರು ಆ ನೀರು ತುಂಬಿ ಹರಿಯುವ ಊರುಗಳಿಗೆ, ಇಲ್ಲವೆ ಆ ನೀರಿಗಾಗಿ ದಾರಿ ಕಾಯುವ ಊರುಗಳಿಗೆ ಸೊಸೆಯರಾಗಿ ಹೋದವರು. ವನದುರ್ಗದ ಕಡೆಯಿಂದಲೂ, ಶಹಾಪುರ ಸುರಪುರಗಳ ಸುತ್ತಣ ಹಳ್ಳಿಗಳಿಂದಲೂ ಬರುವ ಹುಡುಗಿಯರು ನಮ್ಮ ತರಗತಿಗಳಲ್ಲಿ ಒಂದೇ ಹಲಗೆಯ ಮೇಲೆ ಕೂತು ಪಾಠ ಕೇಳುತ್ತಾರೆ. ಆದರೆ ಅವರ ತಂದೆಯರು ಕಾಲುವೆಯ ದಡದಲ್ಲಿ ಒಬ್ಬರನ್ನೊಬ್ಬರು ಸಂದೇಹದಿಂದ ನೋಡುತ್ತಾರೆ. ಹೀಗಿರಲಾಗಿ, ನೆಲ ಜಲಗಳ ವಿಷಯದಲ್ಲಿ ಮನುಷ್ಯನು ಮಾಡುವ ನಿರ್ಣಯಗಳ ಹಿಂದೆ ಅವನ ಮನಸ್ಸು ಹೇಗೆ ಕೆಲಸ ಮಾಡುತ್ತದೆಂಬುದನ್ನು ಕುರಿತು ನಾಲ್ಕು ಮಾತು ಬರೆಯುವುದು ಈ ಸಂಚಿಕೆಗೆ ಅಯೋಗ್ಯವಾಗಲಾರದೆಂದು ಭಾವಿಸಿದ್ದೇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ನೀರನ್ನು ಕೆಡಿಸುವವನು ಸಾಮಾನ್ಯವಾಗಿ ಅಜ್ಞಾನಿಯೂ ಅಲ್ಲ, ದುಷ್ಟನೂ ಅಲ್ಲ, ಅವನು ಅಂಜಿದವನು. ತಾನು ನಿಯಮವನ್ನು ಪಾಲಿಸಿದರೆ ತಾನೊಬ್ಬನೇ ಮೋಸಹೋದೇನೆಂಬ ಅಂಜಿಕೆ ಅವನದು. ಆದಕಾರಣ ಉಪದೇಶದಿಂದಲೂ ದಂಡದಿಂದಲೂ ಆಗದ ಕೆಲಸವು, ಪರಸ್ಪರ ವಿಶ್ವಾಸವನ್ನು ಕಣ್ಣಿಗೆ ಕಾಣುವಂತೆ ಕಟ್ಟಿದಲ್ಲಿ ಮಾತ್ರ ಆದೀತು.

ಈ ಮಾತನ್ನು ವಿವರಿಸುವ ಮೊದಲು ವಿಷಯದ ಸ್ಥಿತಿಯನ್ನು ಸಂಕ್ಷೇಪವಾಗಿ ತಿಳಿಸುವುದು ಅವಶ್ಯ. 1964ನೆಯ ಇಸವಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲನ್ನಿಟ್ಟರು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಮುಗಿಯಿತು. ಅದರ ಜಲಾಶಯಕ್ಕೆ ಬಸವಸಾಗರವೆಂಬ ಹೆಸರಾಯಿತು. ಅಲ್ಲಿಂದ ಹೊರಡುವ ಎಡದಂಡೆ ಮುಖ್ಯ ಕಾಲುವೆಯ ಉದ್ದ 78 ಕಿಲೋಮೀಟರು. ಅದರಿಂದ ಕವಲೊಡೆದ ಶಹಾಪುರ ಶಾಖಾ ಕಾಲುವೆಯು 76 ಕಿಲೋಮೀಟರು. ಯೋಜನೆಯ ಮೊದಲೆರಡು ಹಂತಗಳಿಗೆ 173 ಟಿ.ಎಂ.ಸಿ. ನೀರಿನಿಂದ 6.22 ಲಕ್ಷ ಹೆಕ್ಟೇರು ಭೂಮಿಯನ್ನು ತಣಿಸಬೇಕೆಂಬ ಗುರಿಯಿತ್ತು. ಕೊಂಚ ನೀರನ್ನು ಬಹಳ ನೆಲಕ್ಕೆ ತೆಳುವಾಗಿ ಹಂಚಿ, ಬಿಳಿಜೋಳ, ತೊಗರಿ, ಹತ್ತಿ, ಶೇಂಗಾ ಮುಂತಾದ ಬೆಳೆಗಳು ಮಳೆ ಕೈಕೊಟ್ಟಾಗ ಒಣಗದಂತೆ ಕಾಪಾಡಬೇಕು; ಕೆಲವೇ ಜನ ಐಶ್ವರ್ಯವಂತರಾಗುವುದಕ್ಕಿಂತ ಬಹುಜನರು ಬರಗಾಲದಿಂದ ಪಾರಾಗಬೇಕು. ಇದು ಆ ಯೋಜನೆಯ ಒಳಗಿನ ಧರ್ಮ. ಭತ್ತ, ಕಬ್ಬು, ಬಾಳೆಗಳಿಗೆ ಅದರಲ್ಲಿ ಎಡೆಯಿರಲಿಲ್ಲ.

ಆದುದೇನು? ಕಾಲುವೆಯ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹರಡಿದುವು. ಒಂದು ಹೊಲದ ಭತ್ತವು ಕುಡಿಯುವ ನೀರಿನಲ್ಲಿ ಅದೇ ಅಳತೆಯ ಎರಡು ಹೊಲಗಳ ಜೋಳವು ಬೆಳೆಯಬಲ್ಲುದು. ಆದುದರಿಂದ ಮೇಲೆ ನಿಂತ ನೀರು ಕೆಳಗೆ ಇಳಿಯಲಿಲ್ಲ. ಕೊನೆಯ ಭಾಗದ ರೈತರು ಕಾಲುವೆಯಿದ್ದೂ ಮುಗಿಲನ್ನೇ ನೋಡುವಂತಾಯಿತು. ಮೇಲಿನವರಿಗಾದರೂ ಶಾಶ್ವತವಾದ ಸುಖ ದೊರೆಯಿತೇ ಎಂದರೆ ಅದೂ ಇಲ್ಲ. ನಮ್ಮ ಎರೆಭೂಮಿಯು ನೀರನ್ನು ಬೇಗನೆ ಕೆಳಕ್ಕೆ ಬಿಟ್ಟುಕೊಡುವ ಮಣ್ಣಲ್ಲ. ನಿಂತ ನೀರು ಇಂಗಿ ಇಂಗಿ ಅಂತರ್ಜಲವು ಮೇಲೇರುತ್ತದೆ. ಅದರ ಸಂಗಡ ನೆಲದೊಳಗಣ ಉಪ್ಪೂ ಮೇಲಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರಿಹೋಗಿ ಉಪ್ಪು ಮಾತ್ರ ಬೆಳ್ಳಗೆ ಉಳಿಯುತ್ತದೆ. ಇದನ್ನೇ ನಮ್ಮ ಜನರು ಸವಳು ಜವಳು ಎನ್ನುತ್ತಾರೆ. ಒಬ್ಬನಿಗೆ ನೀರಿಲ್ಲದೆ ಹೊಲ ಹಾಳು, ಇನ್ನೊಬ್ಬನಿಗೆ ನೀರು ಹೆಚ್ಚಾಗಿ ಹೊಲ ಹಾಳು. ಒಂದೇ ಕಾಲುವೆಯಿಂದ ಈ ಎರಡೂ ಕೇಡುಗಳು ಹುಟ್ಟಿರುವುದು ಯೋಚಿಸತಕ್ಕ ಸಂಗತಿಯಲ್ಲವೇ?

ಜನರಿಗೆ ತಿಳಿವಳಿಕೆ ಸಾಲದೆಂದು ಕೆಲವರು ಹೇಳುವರು. ನಮಗೆ ಹಾಗೆ ತೋರುವುದಿಲ್ಲ. ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಕಚೇರಿಯಿದೆ. ಅಲ್ಲಿಯೇ ಕೃಷಿ ಮಹಾವಿದ್ಯಾಲಯವೂ ಇದೆ. ಭತ್ತ ಹಚ್ಚಬಾರದೆಂದು ಅಧಿಕಾರಿಗಳು ಪ್ರಕಟಣೆ ಹೊರಡಿಸುತ್ತಲೇ ಬಂದಿದ್ದಾರೆ. ಸವಳು ಜವಳು ಹೇಗೆ ಹುಟ್ಟುತ್ತದೆಂದು ನಮ್ಮ ಎಂಟನೆಯ ತರಗತಿಯ ಹುಡುಗಿಯನ್ನು ಕೇಳಿದರೆ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸುವಳು; ಅವಳ ತಂದೆಯು ಅದನ್ನು ಅವಳಿಗಿಂತಲೂ ಚೆನ್ನಾಗಿ ಬಲ್ಲನು, ಯಾಕಂದರೆ ಆ ಮಣ್ಣನ್ನು ಅವನು ದಿನಾಲು ಕೈಯಲ್ಲಿ ಹಿಡಿಯುತ್ತಾನೆ. ತಿಳಿದೂ ತಿಳಿದೂ ಮನುಷ್ಯನು ತನ್ನ ನೆಲಕ್ಕೆ ಕೇಡಾಗುವ ಹಾದಿಯನ್ನು ಹಿಡಿಯುವನೆಂದರೆ, ತಿಳಿವಳಿಕೆಗಿಂತ ಆಳವಾದ ಬೇರೊಂದು ಶಕ್ತಿಯು ಅವನನ್ನು ನಡಿಸುತ್ತಿರಬೇಕು.

ಆ ಶಕ್ತಿಗಳಲ್ಲಿ ಮೊದಲನೆಯದು ಭಯ. ನಮ್ಮ ಸೀಮೆಯು ತಲೆತಲಾಂತರದಿಂದ ಬರಗಾಲವನ್ನು ಕಂಡುದು. ಅಜ್ಜಿಯರು ಹೇಳುವ ಕಥೆಗಳಲ್ಲಿ ಅರ್ಧ ಪಾಲು ಬರದ ಕಥೆಗಳೇ: ದನಗಳನ್ನು ಬಿಟ್ಟುಕೊಟ್ಟುದು, ಊರು ಬಿಟ್ಟು ದುಡಿಯಹೋದುದು, ಬೀಜದ ಜೋಳವನ್ನೂ ಬೀಸಿ ಉಂಡುದು. ಅಂಥ ಮನೆತನದಲ್ಲಿ ಹುಟ್ಟಿದವನ ಹೊಲದ ಮುಂದೆ ನೀರು ತುಂಬಿ ಹರಿಯುವಾಗ, ಅದನ್ನು ಮುಂದಿನವನಿಗೆ ಹೋಗಗೊಡುವುದು ಸುಲಭವಲ್ಲ. ಇಂದು ಬಿಟ್ಟರೆ ನಾಳೆ ಬಂದೀತೇ ಎಂದು ಅವನ ಅಂತಃಕರಣವು ಕೇಳುತ್ತದೆ. ಹೊಸ ಲಾಭದಿಂದಾಗುವ ಸಂತೋಷಕ್ಕಿಂತ ಅಷ್ಟೇ ನಷ್ಟದಿಂದಾಗುವ ನೋವು ಮನುಷ್ಯನಿಗೆ ದೊಡ್ಡದಾಗಿ ಕಾಣುತ್ತದೆಂದು ಡ್ಯಾನಿಯಲ್ ಕಾಹ್ನೆಮನ್ ಮತ್ತು ಏಮಾಸ್ ಟ್ವೆರ್ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲಿ ಪ್ರತಿಪಾದಿಸಿದರು. ಶಾಸ್ತ್ರಜ್ಞರು ಹೇಳಿದ ಈ ಸತ್ಯವು ನಮ್ಮ ಕಾಲುವೆಯ ದಡದಲ್ಲಿ ನಿತ್ಯವೂ ಕಾಣುವಂಥದು. ಹೊಲದಲ್ಲಿ ಬೇಕಾದುದಕ್ಕಿಂತ ಹೆಚ್ಚು ನೀರು ನಿಲ್ಲಿಸುವವನನ್ನು ಆಶೆಬುರುಕನೆಂದು ಬೈಯುವುದಕ್ಕಿಂತ, ಅವನ ಅಜ್ಜನ ಹಸಿವು ಅವನೊಳಗಿನ್ನೂ ಆರಿಲ್ಲವೆಂದು ತಿಳಿಯುವುದು ನ್ಯಾಯವಾದೀತು.

ಎರಡನೆಯದು, ಮತ್ತೊಬ್ಬನ ಕೈಯನ್ನು ನೋಡುವ ಸ್ವಭಾವ. ಅರಸನೊಬ್ಬನು ಹಾಲಿನ ಕೊಳವನ್ನು ತುಂಬಿಸಬೇಕೆಂದು, ಮನೆಗೊಂದು ತಂಬಿಗೆ ಹಾಲನ್ನು ರಾತ್ರಿಯಲ್ಲಿ ತಂದು ಸುರಿಯಬೇಕೆಂದು ಡಂಗುರ ಹೊಯ್ಸಿದ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ಇಷ್ಟು ಹಾಲಿನಲ್ಲಿ ನನ್ನ ಒಂದು ತಂಬಿಗೆ ನೀರು ಯಾರಿಗೆ ಗೊತ್ತಾದೀತೆಂದು ಪ್ರತಿಯೊಬ್ಬನೂ ನೆನಸಿದನು. ಬೆಳಗಾಗುವಷ್ಟರಲ್ಲಿ ಕೊಳದ ತುಂಬ ನೀರೇ ಇತ್ತು. ಮಕ್ಕಳಿಗೆ ಈ ಕಥೆಯನ್ನು ಹೇಳುವಾಗ ನಾವು ಆ ಜನರ ಮೋಸವನ್ನು ಎತ್ತಿ ತೋರಿಸುತ್ತೇವೆ. ಆದರೆ ಅದರಲ್ಲಿ ಇನ್ನೊಂದು ಪಾಠವುಂಟು: ಅರಸನು ಆ ಕೆಲಸವನ್ನು ಕತ್ತಲೆಯಲ್ಲಿ ಮಾಡಗೊಟ್ಟನು. ಹಗಲಿನಲ್ಲಿ ಎಲ್ಲರೆದುರಿಗೆ ಸುರಿಯಬೇಕೆಂದಿದ್ದರೆ ಕೊಳದಲ್ಲಿ ಹಾಲು ತುಂಬುತ್ತಿತ್ತು.

ಇದನ್ನು ಪರೀಕ್ಷಿಸಿ ನೋಡಿದವರೂ ಉಂಟು. ಸ್ವಿಜರ್ಲೆಂಡಿನ ಜ್ಯೂರಿಕ್ ವಿಶ್ವವಿದ್ಯಾಲಯದ ಮೂವರು ವಿದ್ವಾಂಸರು ವಿದ್ಯಾರ್ಥಿಗಳ ಗುಂಪುಗಳಿಗೆ ಹಣವನ್ನು ಕೊಟ್ಟು, ಅದರಲ್ಲಿ ಎಷ್ಟನ್ನು ಎಲ್ಲರ ಹಿತಕ್ಕಾಗಿ ಇರುವ ಪೆಟ್ಟಿಗೆಗೆ ಹಾಕುವಿರಿ, ಎಷ್ಟನ್ನು ಇಟ್ಟುಕೊಳ್ಳುವಿರಿ ಎಂದು ಕೇಳಿದರು. 2001ರಲ್ಲಿ ಅವರು ಪ್ರಕಟಿಸಿದ ಫಲ ಹೀಗಿದೆ: ಸುಮಾರು ಮೂರರಲ್ಲೊಂದು ಪಾಲು ಜನರು ಏನನ್ನೂ ಕೊಡದವರು, ಸುಮಾರು ಅರ್ಧ ಪಾಲು ಜನರು, ಇತರರು ಹೆಚ್ಚು ಕೊಟ್ಟರೆ ತಾವೂ ಹೆಚ್ಚು ಕೊಡುವವರು, ಇತರರು ಹಿಂದೆಗೆದರೆ ತಾವೂ ಹಿಂದೆಗೆಯುವವರು. ಈ ಅರ್ಧ ಪಾಲಿನವರೇ ನಮ್ಮ ಆಲೋಚನೆಗೆ ಮುಖ್ಯರು. ಅವರಲ್ಲಿ ಒಳ್ಳೆಯತನವಿದೆ, ಆದರೆ ಅದು ನೆರೆಯವನ ಒಳ್ಳೆಯತನಕ್ಕೆ ಕಟ್ಟಿಹಾಕಲ್ಪಟ್ಟಿದೆ. ನಮ್ಮ ಕಾಲುವೆಯಲ್ಲಿ ಸರದಿಯಂತೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ನಿಲ್ಲಿಸುವ ವಾರಬಂದಿಯ ಪದ್ಧತಿಯುಂಟು. ಒಬ್ಬನು ರಾತ್ರಿಯಲ್ಲಿ ತೂಬನ್ನು ಎತ್ತಿದನೆಂದು ಸುದ್ದಿ ಹಬ್ಬಿದರೆ ಸಾಕು, ಅಲ್ಲಿಯ ವರೆಗೆ ಸರದಿ ಕಾಯುತ್ತಿದ್ದ ಹತ್ತು ಮಂದಿ ಸಜ್ಜನರೂ ಹಾರೆ ಹಿಡಿದು ಹೊರಡುತ್ತಾರೆ. ಒಬ್ಬನ ಕಳವಿನಿಂದ ಹೋದ ನೀರು ಕೊಂಚ; ಹೋದ ವಿಶ್ವಾಸವೇ ಬಹಳ.

ಮೂರನೆಯದು ಮಾನದ ಪ್ರಶ್ನೆ. ಇದನ್ನು ತಾಯಂದಿರು ವಿಶೇಷವಾಗಿ ಗಮನಿಸಬೇಕೆಂದು ಬೇಡುತ್ತೇವೆ. ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಅಕ್ಕಿಯ ಅನ್ನವೆಂಬುದು ಹಬ್ಬಕ್ಕೂ ಬೀಗರಿಗೂ ಮೀಸಲಾಗಿತ್ತು. ನಿತ್ಯದ ಊಟವು ರೊಟ್ಟಿ. ಹೀಗೆ ಅನ್ನವು ಸಿರಿತನದ ಗುರುತಾಯಿತು. ತುಂಗಭದ್ರೆಯ ಎಡದಂಡೆಯಲ್ಲಿ ಗಂಗಾವತಿಯ ಸೀಮೆಯು ಭತ್ತದಿಂದ ಹೆಸರುವಾಸಿಯಾದುದನ್ನು ನಮ್ಮವರು ಕಂಡರು. ಅಲ್ಲಿಯೂ ಯೋಜನೆ ಮಾಡಿದವರು ಹೆಚ್ಚು ನೆಲಕ್ಕೆ ತೆಳುವಾಗಿ ನೀರು ಹಂಚಬೇಕೆಂದೇ ಎಣಿಸಿದ್ದರು. ಅಲ್ಲಿಯೂ ಮೇಲ್ಭಾಗವು ಗದ್ದೆಯಾಗಿ ಕೊನೆಭಾಗವು ಬಾಯಾರಿತು. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಸವಳು ಭೂಮಿಯನ್ನು ಸರಿಪಡಿಸುವ ಬಗೆಯನ್ನು ಇಂದಿಗೂ ಶೋಧಿಸುತ್ತಿದ್ದಾರೆ. ಆದರೆ ದೂರದಿಂದ ನೋಡುವವನಿಗೆ ಅಕ್ಕಿಯ ಗಿರಣಿಯೂ ಮಾಳಿಗೆಯ ಮನೆಯೂ ಕಾಣುತ್ತವೆ. ಸವಳು ಹಿಡಿದ ಹೊಲವು ಕಾಣುವುದಿಲ್ಲ. ಮಗಳಿಗೆ ವರ ನೋಡುವಾಗ ಗದ್ದೆ ಎಷ್ಟು ಎಕರೆ ಎಂದು ಮೊದಲು ಕೇಳುವ ಮಾತು ನಮ್ಮಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ಗದ್ದೆಯುಳ್ಳವನು ದೊಡ್ಡವನು, ಜೋಳ ಬಿತ್ತುವವನು ಚಿಕ್ಕವನೆಂಬ ಎಣಿಕೆಯು ಅಡಿಗೆಮನೆಯಲ್ಲಿಯೂ ಮದುವೆಯ ಮಾತುಕತೆಯಲ್ಲಿಯೂ ಬೆಳೆದು, ಕೊನೆಗೆ ತೂಬಿನ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ರೈತನು ಯಾವ ಬೆಳೆಯನ್ನು ಹಚ್ಚಬೇಕೆಂದು ನಿರ್ಣಯಿಸುವಾಗ ನೆಲವನ್ನು ಮಾತ್ರ ಕೇಳುವುದಿಲ್ಲ, ಬೀಗರನ್ನೂ ಕೇಳುತ್ತಾನೆ.

ನಾಲ್ಕನೆಯದು, ಮೆಲ್ಲನೆ ಬರುವ ಕೇಡನ್ನು ಮನಸ್ಸು ಕೇಡೆಂದು ಎಣಿಸದಿರುವುದು. ಭತ್ತದ ಹಣವು ಈ ಸುಗ್ಗಿಯಲ್ಲಿಯೇ ಕೈಗೆ ಬರುತ್ತದೆ. ಸವಳು ಬರುವುದಕ್ಕೆ ವರ್ಷಗಳು ಬೇಕು. ಮೊದಲು ತಗ್ಗಿನ ಒಂದು ಮೂಲೆಯಲ್ಲಿ ಪೈರು ಕುಳ್ಳಾಗುತ್ತದೆ. ಮರುವರ್ಷ ಆ ಮೂಲೆ ಸ್ವಲ್ಪ ಅಗಲವಾಗುತ್ತದೆ. ಯಾವ ದಿನವೂ ಹಿಂದಿನ ದಿನಕ್ಕಿಂತ ಬೇರೆಯೆಂದು ತೋರುವುದಿಲ್ಲ. ಹಾವನ್ನು ಕಂಡರೆ ಥಟ್ಟನೆ ಹಾರುವ ಮನುಷ್ಯನು ಉಪ್ಪನ್ನು ಕಂಡು ಹಾರುವುದಿಲ್ಲ. ಮೇಲಾಗಿ ಆ ಉಪ್ಪು ಯಾರ ನೀರಿನಿಂದ ಬಂತೆಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಮೇಲಿನ ಗದ್ದೆಯವನು ಹೆಚ್ಚು ಹಾಯಿಸಿದ ನೀರು ಕೆಳಗಿನ ತಗ್ಗಿನ ಹೊಲದಲ್ಲಿ ಜವಳಾಗಿ ಎದ್ದೀತು. ಎಲ್ಲರ ಪಾಲಿನ ತಪ್ಪು ಯಾರ ಪಾಲಿಗೂ ಬರುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಹೊಟ್ಟೆಯ ಪ್ರಶ್ನೆಯನ್ನು ಮನಸ್ಸಿನ ಪ್ರಶ್ನೆಯಾಗಿ ಮಾಡುವಿರಾ ಎಂದು ಕೆಲವು ಪಾಲಕರು ಕೇಳಬಹುದು. ಭತ್ತಕ್ಕೆ ಕೊಳ್ಳುವವರು ನಿಶ್ಚಯ, ಜೋಳಕ್ಕೆ ಹಾಗಿಲ್ಲ. ಕಾಲುವೆ ಒಡೆದರೆ ಬೇಗ ಕಟ್ಟುವವರಿಲ್ಲ. ಬಸಿಗಾಲುವೆಗಳು ಹೂಳು ತುಂಬಿ ನಿಂತಿವೆ. ಮೇಲಿನವರ ತಪ್ಪನ್ನು ರೈತನ ಮನಸ್ಸಿನ ಮೇಲೆ ಹೊರಿಸುವುದು ಸರಿಯೇ? ಈ ಮಾತುಗಳಲ್ಲಿ ಸತ್ಯವಿದೆ, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಜೋಳಕ್ಕೂ ತೊಗರಿಗೂ ನೆಚ್ಚಿಕೆಯ ಬೆಲೆ ಇಲ್ಲದೆ ಭತ್ತವನ್ನು ಬಿಡೆಂದು ಹೇಳುವುದು ಉಪವಾಸ ಮಾಡೆಂದು ಹೇಳಿದಂತೆಯೇ ಸರಿ. ಆದರೆ ಯಂತ್ರವೂ ಹಣವೂ ಬಂದರೆ ಎಲ್ಲವೂ ಸರಿಹೋದೀತೆಂಬುದು ಕೂಡ ಅರ್ಧಸತ್ಯ. ಎಡದಂಡೆ ಕಾಲುವೆಯನ್ನು ಸುಮಾರು 4,700 ಕೋಟಿ ರೂಪಾಯಿಗಳ ವೆಚ್ಚದಲ್ಲಿ ವಿಸ್ತರಿಸಿ, ದುರಸ್ತು ಮಾಡಿ, ಆಧುನಿಕಗೊಳಿಸಿದ ಕಾರ್ಯವನ್ನು 2023ನೆಯ ಇಸವಿ ಜನವರಿ 19ರಂದು ಪ್ರಧಾನಮಂತ್ರಿಗಳು ಕೊಡೇಕಲ್ಲಿನಲ್ಲಿ ಉದ್ಘಾಟಿಸಿದರು. ಹತ್ತು ಸಾವಿರ ಕ್ಯೂಸೆಕ್ ನೀರನ್ನು ಹೊರಬಲ್ಲ ಆ ಕಾಲುವೆಯಿಂದ 4.5 ಲಕ್ಷ ಹೆಕ್ಟೇರಿಗೆ ನೀರುಣಿಸುವ ಸಂಕಲ್ಪವಿದೆ. ಅದೇ ವರ್ಷ ನಾಡಿನಲ್ಲಿ ಬರ ಬಿತ್ತು. ಕಾಲುವೆ ಎಷ್ಟು ಗಟ್ಟಿಯಾದರೇನು, ಜಲಾಶಯದಲ್ಲಿ ಕೊಂಚ ನೀರಿರುವಾಗ ಆ ಕೊಂಚವನ್ನು ಯಾರು ಎಷ್ಟು ಬಿಡಬೇಕೆಂಬುದನ್ನು ಕಬ್ಬಿಣದ ಬಾಗಿಲು ಹೇಳಲಾರದು. ಬಾಗಿಲನ್ನು ಎತ್ತುವ ಕೈಯು ಮನುಷ್ಯನದು.

ಹಾಗಾದರೆ ಮನುಷ್ಯನ ಸ್ವಭಾವವೇ ಹೀಗೆಂದು ಕೈಕಟ್ಟಿ ಕೂಡುವುದೋ? 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೇರಿಕದ ಪಂಡಿತರು, ಎಲ್ಲರಿಗೂ ಸೇರಿದ ಹುಲ್ಲುಗಾವಲಿನಲ್ಲಿ ಪ್ರತಿಯೊಬ್ಬನೂ ಮತ್ತೊಂದು ದನವನ್ನು ಬಿಡುತ್ತ ಹೋಗುವನು, ಕಡೆಗೆ ಗಾವಲೇ ನಾಶವಾಗುವುದು ಎಂದು ಬರೆದರು. ಆ ಮಾತನ್ನು ಬಹುಕಾಲ ಲೋಕವು ನಂಬಿತ್ತು. ಅದು ಯಾವಾಗಲೂ ನಿಜವಲ್ಲವೆಂದು ತೋರಿಸಿಕೊಟ್ಟವರು ಒಬ್ಬ ಸ್ತ್ರೀ. ಎಲಿನೋರ್ ಆಸ್ಟ್ರಮ್ ಎಂಬವರಿಗೆ ಪ್ರೌಢಶಾಲೆಯಲ್ಲಿ ಹೆಣ್ಣುಮಗಳೆಂಬ ಕಾರಣದಿಂದ ತ್ರಿಕೋಣಮಿತಿಯನ್ನು ಕಲಿಯಗೊಡಲಿಲ್ಲ. ಆ ಕೊರತೆಯ ದೆಸೆಯಿಂದಲೇ ಮುಂದೆ ಅರ್ಥಶಾಸ್ತ್ರದ ಉನ್ನತ ವ್ಯಾಸಂಗಕ್ಕೆ ಅವರಿಗೆ ಪ್ರವೇಶ ತಪ್ಪಿತು. ಅವರು ಎದೆಗುಂದದೆ ರಾಜ್ಯಶಾಸ್ತ್ರವನ್ನು ಹಿಡಿದು, ಲಾಸ್ ಏಂಜಲೀಸ್ ಪ್ರಾಂತದಲ್ಲಿ ಬಾವಿಗಳಿಂದ ಮಿತಿಮೀರಿ ನೀರೆತ್ತಿದುದರಿಂದ ಸಮುದ್ರದ ಉಪ್ಪುನೀರು ನೆಲದೊಳಕ್ಕೆ ನುಗ್ಗಿದಾಗ, ಅಲ್ಲಿಯ ಜನರು ಕೂಡಿ ಹೇಗೆ ಅದನ್ನು ತಡೆದರೆಂಬುದನ್ನು ಅಭ್ಯಾಸ ಮಾಡಿದರು. ತರುವಾಯ ಬೇರೆಬೇರೆ ದೇಶಗಳ ಕಾಲುವೆ, ಕಾಡು, ಗಾವಲುಗಳನ್ನು ಪರಿಶೀಲಿಸಿ 1990ರಲ್ಲಿ ಗ್ರಂಥವನ್ನು ಬರೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನವನ್ನು ಪಡೆದ ಪ್ರಥಮ ಮಹಿಳೆಯಾದರು. ತಮ್ಮ ನಿಯಮವನ್ನು ತಾವೇ ಮಾಡಿಕೊಂಡು, ಕಾವಲನ್ನು ತಮ್ಮೊಳಗಿಂದಲೇ ಇಟ್ಟುಕೊಂಡು, ತಪ್ಪಿದವನನ್ನು ಮೊದಲು ಮೆಲ್ಲಗೆ ಆಮೇಲೆ ಬಿಗಿಯಾಗಿ ತಿದ್ದುವ ಜನರು ಸಮಾನ ಸಂಪತ್ತನ್ನು ತಲೆಮಾರುಗಳ ವರೆಗೆ ಕಾಯಬಲ್ಲರೆಂಬುದು ಅವರ ಸಿದ್ಧಾಂತ.

ನಮ್ಮ ನೆರೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ರಾಬರ್ಟ್ ವೇಡ್ ಎಂಬ ವಿದ್ವಾಂಸರು ಆಂಧ್ರದ ಕರ್ನೂಲು ಜಿಲ್ಲೆಯ ಕಾಲುವೆಯ ಊರುಗಳನ್ನು ಕಂಡು 1988ರಲ್ಲಿ ಬರೆದ ಗ್ರಂಥದಲ್ಲಿ ಸೋಜಿಗದ ಸಂಗತಿಯೊಂದನ್ನು ಹೇಳಿದ್ದಾರೆ. ನೀರು ಸಮೃದ್ಧವಾಗಿರುವ ಮೇಲ್ಭಾಗದ ಊರುಗಳಲ್ಲಿ ಜನರು ಕೂಡಿ ನಡೆಯುವ ಏರ್ಪಾಡು ಇರಲಿಲ್ಲ. ನೀರಿನ ಕೊರತೆಯುಳ್ಳ ಕೆಳಭಾಗದ ಊರುಗಳಲ್ಲಿಯೋ ಊರವರೇ ಹಣ ಕೂಡಿಸಿ, ಎಲ್ಲರ ಹೊಲಗಳಿಗೂ ನೀರು ಹಾಯಿಸುವ ಆಳುಗಳನ್ನು ನೇಮಿಸಿಕೊಂಡಿದ್ದರು. ತನ್ನ ಹೊಲಕ್ಕೆ ತಾನೇ ನೀರು ಕಟ್ಟಿಕೊಳ್ಳುವ ಹಕ್ಕನ್ನು ಬಿಟ್ಟುಕೊಟ್ಟವನಿಗೆ ರಾತ್ರಿಯ ನಿದ್ದೆ ದೊರೆಯಿತು. ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗೆ ನೀರುಗಂಟಿಯು ಮಾಡುತ್ತಿದ್ದುದೂ ಇದೇ ಕೆಲಸ. ಸುರಪುರದ ಬಳಿಯ ಬೋನಾಳದಲ್ಲಿ ನಾಯಕರು ಕಟ್ಟಿಸಿದ ಕೆರೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡೋಸ್ ಟೇಲರ್ ಸಾಹೇಬರು ಸರಿಪಡಿಸಿದರು. ಇಂದು ಅದು ಪಕ್ಷಿಗಳ ಆಶ್ರಯಸ್ಥಾನವಾಗಿ ಹೆಸರಾಗಿದೆ. ನೀರನ್ನು ಕೂಡಿಡುವ ಬುದ್ಧಿಯು ಈ ಸೀಮೆಗೆ ಹೊಸದಲ್ಲ. ಕೂಡಿಟ್ಟುದನ್ನು ಕೂಡಿ ಉಣ್ಣುವ ಬುದ್ಧಿಯನ್ನೇ ಮತ್ತೆ ಕಲಿಯಬೇಕಾಗಿದೆ.

ಸತ್ಯವೇದದಲ್ಲಿ ಇಸಾಕನ ಬಾವಿಗಳ ವೃತ್ತಾಂತವನ್ನು ನಮ್ಮ ಹುಡುಗಿಯರು ಓದಿದ್ದಾರೆ. ಅವನ ಸೇವಕರು ಅಗೆದ ಬಾವಿಗಾಗಿ ಗೆರಾರಿನ ಕುರುಬರು ಜಗಳ ತೆಗೆದರು, ಅವನು ಅದನ್ನು ಬಿಟ್ಟು ಇನ್ನೊಂದನ್ನು ಅಗೆಸಿದನು, ಅದಕ್ಕೂ ಜಗಳವಾಯಿತು, ಮೂರನೆಯದಕ್ಕೆ ಜಗಳವಾಗದಿರಲು ಅದಕ್ಕೆ ವಿಶಾಲಸ್ಥಳವೆಂಬ ಅರ್ಥದ ರೆಹೋಬೋತ್ ಎಂಬ ಹೆಸರನ್ನಿಟ್ಟನು. ಇಸಾಕನ ತಾಳ್ಮೆಯು ನಮಗೆ ಆದರ್ಶವೇ. ಆದರೆ ಅವನಿಗಿದ್ದ ಅನುಕೂಲವು ನಮಗಿಲ್ಲ. ಜಗಳದ ಬಾವಿಯನ್ನು ಬಿಟ್ಟು ಮುಂದೆ ಹೋಗಿ ಮತ್ತೊಂದನ್ನು ಅಗೆಯಲು ಅವನಿಗೆ ಬಯಲಿತ್ತು. ನಮಗೆ ಕಾಲುವೆಯೊಂದೇ, ನದಿಯೊಂದೇ. ನಾವು ಇದ್ದಲ್ಲಿಯೇ ನಮ್ಮ ರೆಹೋಬೋತನ್ನು ಮಾಡಿಕೊಳ್ಳಬೇಕು.

ವಿಶ್ವಾಸವು ಕಾಣುವ ವಸ್ತುವಾಗಬೇಕೆಂದೆವಷ್ಟೆ. ಇದಕ್ಕೆ ನಮ್ಮ ವಿದ್ಯಾರ್ಥಿನಿಲಯದ ಚಿಕ್ಕ ದೃಷ್ಟಾಂತವೊಂದನ್ನು ಕೊಡುತ್ತೇವೆ. ಬೇಸಗೆಯಲ್ಲಿ ನೀರು ಕಡಿಮೆಯಾದಾಗ ತಲೆಗೆ ಎರಡೇ ಬಕೆಟ್ಟು ಎಂಬ ನಿಯಮವು ಗೋಡೆಯ ಮೇಲೆ ಬರೆದಿರುತ್ತದೆ. ಬರೆದುದನ್ನು ಓದಿಯೂ ಮಕ್ಕಳು ಮಂಚದ ಕೆಳಗೆ ಒಂದು ಬಕೆಟ್ಟನ್ನು ಬಚ್ಚಿಡುತ್ತಿದ್ದರು. ಸಂಜೆಗೆ ನೀರು ಸಿಕ್ಕದೆಂಬ ಅಂಜಿಕೆಯೇ ಅದಕ್ಕೆ ಕಾರಣ. ಹಿರಿಯ ಹುಡುಗಿಯರು ತಾವೇ ಆಲೋಚಿಸಿ, ತೊಟ್ಟಿಯ ಬಳಿ ಒಂದು ಕಪ್ಪುಹಲಗೆಯನ್ನಿಟ್ಟರು. ಪ್ರತಿಯೊಬ್ಬಳೂ ನೀರು ತುಂಬಿಕೊಂಡ ಕೂಡಲೆ ತನ್ನ ಹೆಸರಿನ ಮುಂದೆ ಗೆರೆ ಎಳೆಯಬೇಕು. ತೊಟ್ಟಿಯಲ್ಲಿ ಇನ್ನೆಷ್ಟು ಉಳಿದಿದೆಯೆಂದು ಆ ದಿನದ ನಾಯಕಿಯು ಅಳೆದು ಬರೆಯಬೇಕು. ಕೆಲವು ದಿನಗಳಲ್ಲಿ ಬಚ್ಚಿಡುವ ಬಕೆಟ್ಟುಗಳು ಹೊರಗೆ ಬಂದುವು. ಆ ಮಕ್ಕಳ ಗುಣವು ವಾರದೊಳಗೆ ಬದಲಾಯಿತೆಂದು ನಾವು ಹೇಳುವುದಿಲ್ಲ. ಅವರ ಅಂಜಿಕೆಗೆ ಕಾರಣವು ಹೋಯಿತು.

ಕಾಲುವೆಯ ಊರುಗಳಲ್ಲಿ ಇಷ್ಟೇ ಸುಲಭವಾಗಿ ಇದಾದೀತೆಂದು ನಾವು ಭ್ರಮಿಸಿಲ್ಲ. ಆದರೂ ದಾರಿ ಅದೇ ಎಂಬುದು ನಮ್ಮ ದೃಢವಾದ ನಂಬಿಕೆ. ಕರ್ನಾಟಕದ ನೀರಾವರಿ ಅಧಿನಿಯಮವನ್ನು 2000ನೆಯ ಇಸವಿಯಲ್ಲಿ ತಿದ್ದಿ, ರೈತರು ನೀರು ಬಳಕೆದಾರರ ಸಹಕಾರ ಸಂಘಗಳನ್ನು ಕಟ್ಟಿಕೊಂಡು ನೀರಿನ ಹಂಚಿಕೆಯನ್ನು ತಾವೇ ನೋಡಿಕೊಳ್ಳುವಂತೆ ಅವಕಾಶ ಮಾಡಲಾಯಿತು. ಸಂಘವು ಕಾಗದದ ಮೇಲಿದ್ದು ಫಲವಿಲ್ಲ. ಯಾವ ತೂಬಿನಿಂದ ಯಾರಿಗೆ ಎಂದು ನೀರು, ಎಷ್ಟು ಹೊತ್ತು, ನಿನ್ನೆ ಯಾರಿಗೆ ಸಂದಿತು, ಯಾರಿಗೆ ಸಲ್ಲಲಿಲ್ಲ ಎಂಬುದನ್ನು ಊರ ಅಗಸೆಯ ಮುಂದೆ ದೊಡ್ಡ ಅಕ್ಷರಗಳಲ್ಲಿ ದಿನಾಲು ಬರೆಯಲಿ. ಕೊನೆಭಾಗದ ಇಬ್ಬರು ಹಿರಿಯರು ಮೇಲ್ಭಾಗಕ್ಕೆ ಬಂದು ನೋಡಲಿ. ಮೇಲ್ಭಾಗದ ಇಬ್ಬರು ಕೊನೆಯ ಹೊಲವನ್ನು ಹೋಗಿ ನೋಡಲಿ. ಸವಳು ಹಿಡಿದ ಹೊಲವನ್ನು ಮುಚ್ಚಿಡದೆ ಮಕ್ಕಳಿಗೆ ತೋರಿಸಲಿ. ಸರದಿಯನ್ನು ಕಾಯ್ದವನಿಗೆ ಜಾತ್ರೆಯಲ್ಲಿ, ಸಭೆಯಲ್ಲಿ ನಾಲ್ವರೆದುರಿಗೆ ಮಾನವನ್ನು ಕೊಡಲಿ. ಗದ್ದೆಯ ಎಕರೆಗೆ ಸಲ್ಲುತ್ತಿರುವ ಮಾನವು ಇವನಿಗೆ ಸಲ್ಲಲಿ.

ಪೂರ್ವ ವಿದ್ಯಾರ್ಥಿನಿಯರಾದ ನಿಮಗೆ ಒಂದೆರಡು ಮಾತು. ಊರಿಗೆ ಬಂದವಳು ನೀರಿಗೆ ಬಾರಳೇ ಎಂಬ ಗಾದೆಯು ನಮ್ಮಲ್ಲಿದೆ. ನೀರಿನ ದಾರಿಯು ಹೆಣ್ಣಿಗೆ ಹೊಸದಲ್ಲ; ನೀರಿನ ಸಭೆಯು ಮಾತ್ರ ಅವಳಿಗೆ ಹೊಸದು. ನಿಮ್ಮಲ್ಲಿ ಒಬ್ಬಳ ತವರುಮನೆಯು ಕಾಲುವೆಯ ಮೇಲ್ಭಾಗದಲ್ಲಿಯೂ ಗಂಡನ ಮನೆಯು ಕೊನೆಯಲ್ಲಿಯೂ ಇದ್ದೀತು. ಎರಡು ದಡಗಳ ಹಸಿವನ್ನೂ ಬಲ್ಲವಳು ನೀವು; ಅಣ್ಣನ ಗದ್ದೆಯ ಅಂಜಿಕೆಯೂ ಗಂಡನ ಹೊಲದ ಬಾಯಾರಿಕೆಯೂ ನಿಮಗೆ ಒಂದೇ ಮನೆಯ ಮಾತುಗಳು. ಇಂಥವಳಿಗಿಂತ ಯೋಗ್ಯರಾದ ಮಧ್ಯಸ್ಥರು ಯಾರು? ಆದರೆ ಸಂಘದ ಸದಸ್ಯತ್ವವು ಭೂಮಿಯ ಹಿಡುವಳಿಗೆ ಸಂಬಂಧಪಟ್ಟುದು. ಪಹಣಿಯಲ್ಲಿ ಹೆಸರಿಲ್ಲದವಳಿಗೆ ಸಭೆಯಲ್ಲಿ ಬಾಯಿಯಿಲ್ಲ. ಕ್ರೈಸ್ತ ಹೆಣ್ಣುಮಕ್ಕಳಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮವೂ, ಹಿಂದೂ ಹೆಣ್ಣುಮಕ್ಕಳಿಗೆ 2005ರಲ್ಲಿ ತಿದ್ದಿದ ಹಿಂದೂ ಉತ್ತರಾಧಿಕಾರ ಅಧಿನಿಯಮವೂ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೆ ಸಮನಾದ ಹಕ್ಕನ್ನು ಕೊಟ್ಟಿವೆ. ಆದಕಾರಣ ಮಾನ್ಯ ಪಾಲಕರೇ, ಮಗಳ ಮದುವೆಗೆ ಚಿನ್ನವೆಷ್ಟೆಂದು ಎಣಿಸುವಾಗ ಅವಳ ಹೆಸರಿನಲ್ಲಿ ನೆಲವೆಷ್ಟೆಂದೂ ಎಣಿಸಿರಿ. ನೆಲವುಳ್ಳವಳ ಮಾತು ನೀರಿನ ಸಭೆಯಲ್ಲಿ ನಡೆದೀತು.

ಮತ್ತು ತಾಯಂದಿರೇ, ನಿಮ್ಮ ಅಡಿಗೆಮನೆಯಲ್ಲಿ ರೊಟ್ಟಿಗೆ ಅದರ ಮಾನವನ್ನು ತಿರುಗಿ ಕೊಡಿರಿ. ಬೀಗರು ಬಂದಾಗ ಬಿಳಿಜೋಳದ ರೊಟ್ಟಿಯನ್ನೂ ತೊಗರಿಯ ಸಾರನ್ನೂ ಹೆಮ್ಮೆಯಿಂದ ಬಡಿಸಿರಿ. ಇದು ಸಣ್ಣ ಮಾತೆಂದು ನಗಬೇಡಿರಿ. ನಿಮ್ಮ ತಾಟಿನಲ್ಲಿ ಯಾವುದು ಗೌರವದ ಊಟವೆಂದು ನೀವು ನಿರ್ಣಯಿಸುತ್ತೀರೋ ಅದೇ ನಾಳೆ ಹೊಲದಲ್ಲಿ ಗೌರವದ ಬೆಳೆಯಾಗುತ್ತದೆ. ಅದರ ಮೇಲೆ ಕೊನೆಯ ಊರಿಗೆ ನೀರು ಹೋಗುವುದೂ ಬಿಡುವುದೂ ಬಹುಮಟ್ಟಿಗೆ ನಿಂತಿರುತ್ತದೆ.

ಸುರಪುರದ ನಾಯಕರ ಕಾಲದ ಕೋಟೆಯು ವನದುರ್ಗದಲ್ಲಿ ಇಂದಿಗೂ ನಿಂತಿದೆ. ಕೋಟೆಯನ್ನು ಕಟ್ಟಿದವರು ಒಂದು ಬುರುಜನ್ನು ಗಟ್ಟಿಮಾಡಿ ಮತ್ತೊಂದನ್ನು ಬಿಟ್ಟುಬಿಡಲಿಲ್ಲ. ಎಲ್ಲಿ ಗೋಡೆ ತಗ್ಗೋ ಅಲ್ಲಿಂದಲೇ ಶತ್ರುವು ಬರುವನೆಂದು ಅವರು ಬಲ್ಲರು. ನಮ್ಮ ಸೀಮೆಯ ಈಗಿನ ಶತ್ರು ಬರವೂ ಉಪ್ಪೂ. ಕೊನೆಯ ಹೊಲದವನು ತಣಿದಿದ್ದರೆ ಮೊದಲನೆಯ ಹೊಲದವನ ನೆಲವೂ ಉಳಿದೀತು, ಯಾಕಂದರೆ ಕೆಳಗೆ ಹೋಗಬೇಕಾದ ನೀರು ಕೆಳಗೆ ಹೋದರೆ ಮೇಲೆ ಜವಳಾಗುವುದಿಲ್ಲ. ಇಷ್ಟು ಸರಳವಾದ ಲೆಕ್ಕವನ್ನು ನಮ್ಮ ಅಂಜಿಕೆಯು ನಮಗೆ ಮಾಡಗೊಡುತ್ತಿಲ್ಲ. ಆ ಅಂಜಿಕೆಯನ್ನು ಒಬ್ಬೊಬ್ಬರಾಗಿ ಬಿಡುವುದು ಕಷ್ಟ; ನಾಲ್ವರು ಕೂಡಿ ಬಿಟ್ಟರೆ ಸುಲಭ. ಒಂದೇ ಹಲಗೆಯ ಮೇಲೆ ಕೂತು ಕಲಿತ ನಮ್ಮ ಹುಡುಗಿಯರು ಆ ಕೆಲಸಕ್ಕೆ ತೊಡಗುವರೆಂದೂ, ಅವರ ತಂದೆತಾಯಿಗಳು ಅವರಿಗೆ ದಾರಿ ಬಿಡುವರೆಂದೂ ನಂಬಿದ್ದೇವೆ. ಮಳೆಯನ್ನೂ ಬಿಸಿಲನ್ನೂ ಎಲ್ಲರಿಗೂ ಸಮನಾಗಿ ಕೊಡುವ ಕರ್ತನು, ನಮಗೆ ಸಮನಾಗಿ ಹಂಚಿಕೊಳ್ಳುವ ಮನಸ್ಸನ್ನು ದಯಪಾಲಿಸಲಿ.